15,349 ಕಿಮೀ ದಾರಿಗೆ ಹದಿನೆಂಟೂವರೆ ಗಂಟೆ ಯಾಕೆ ಬೇಕು? ಸಿಂಗಾಪುರ–ನ್ಯೂಯಾರ್ಕ್ ಫ್ಲೈಟಿನ ಲೆಕ್ಕ

ಪ್ರಶ್ನೆ: ಸರ್ ನಮಸ್ಕಾರ. ಮುಂದಿನ ತಿಂಗಳು ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಎಲ್ಲೂ ನಿಲ್ಲದ ನೇರ ಫ್ಲೈಟಲ್ಲಿ ಹೋಗ್ತಿದೀನಿ. ದೂರ ಎಷ್ಟು ಅಂತ ಹುಡುಕಿದ್ರೆ ಒಂದು ಕಡೆ 15,349 ಕಿಮೀ, ಇನ್ನೊಂದು ಕಡೆ 16,700 ಕಿಮೀ ಅಂತ ಬರುತ್ತೆ. ಗಂಟೆಗೆ 900ರಂತೆ ಭಾಗಿಸಿದ್ರೆ 17 ಗಂಟೆ ಆಗ್ಬೇಕು, ಆದ್ರೆ ಟಿಕೆಟಲ್ಲಿ ಹೋಗೋಕೆ 18 ಗಂಟೆ ಮೇಲೆ, ಬರೋಕೆ ಅದಕ್ಕಿಂತ ಜಾಸ್ತಿ ಹಾಕಿದಾರೆ. ಅದೂ ಅಲ್ಲದೆ ನಡುರಾತ್ರಿ ಹೊರಟು ಅದೇ ದಿನ ಬೆಳಗ್ಗೆ ಮುಟ್ಟುತ್ತಂತೆ, ವಾಪಸ್ ಬರೋವಾಗ ರಾತ್ರಿ ಹೊರಟು ಮೂರನೇ ದಿನ ಬೆಳಗ್ಗೆ ಇಳಿಸುತ್ತಂತೆ. ಭೂಮಿ ತಿರುಗೋದಕ್ಕೆ ಹೀಗಾಗುತ್ತಾ? ಯಾವ ಲೆಕ್ಕ ನಂಬ್ಲಿ?

ಉತ್ತರ: ನೀವು ನೋಡಿರೋ ನಂಬರುಗಳೆಲ್ಲಾ ಸರಿನೇ ಇವೆ, ಒಂದೂ ಸುಳ್ಳಲ್ಲ. ಎಡವಟ್ಟಾಗಿರೋದು ನೀವು ಮಾಡಿದ ಆ ಭಾಗಾಕಾರದಲ್ಲಿ. ನಾನು ಹಲವು ವರ್ಷ ಫ್ಲೈಟ್ ಡಿಸ್ಪ್ಯಾಚ್ ಡೆಸ್ಕಲ್ಲಿ ಕೂತು ಬಹಳ ದೂರದ ಫ್ಲೈಟುಗಳಿಗೆ ರೂಟ್ ಹಾಕಿದೋನು, ಅಲ್ಲಿ ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಮೊದಲ ವಾರ ಮಾಡೋ ತಪ್ಪು ಇದೇ, ನಾನೂ ಮಾಡಿದ್ದೆ. ದೂರ ಅನ್ನೋದನ್ನ ನೆಲದ ಮೇಲೆ ಅಳೆದಿರ್ತೀವಿ, 900 ಅನ್ನೋ ಸ್ಪೀಡನ್ನ ಗಾಳಿಯೊಳಗೆ ಅಳೆದಿರ್ತೀವಿ. ಇವೆರಡೂ ಬೇರೆ ಬೇರೆ ತಕ್ಕಡಿ, ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಬರೋ ಉತ್ತರ ಗಾಳಿ ಪೂರ್ತಿ ನಿಂತುಹೋಗಿರೋ ದಿನಕ್ಕೆ ಮಾತ್ರ ಸರಿ, ಅಂಥ ದಿನ ಇಲ್ಲಿವರೆಗೂ ಬಂದಿಲ್ಲ.

ಮೊದಲು ಆ 15,349 ಎಲ್ಲಿಂದ ಬಂತು ನೋಡೋಣ, ಯಾಕಂದ್ರೆ ಈ ಜೋಡಿಗೆ ಮಾತ್ರ ಒಂದು ಮಜಾ ಇದೆ, ಕ್ಯಾಲ್ಕುಲೇಟರಿನಲ್ಲಿ ಸೈನ್ ಕಾಸ್ ಏನೂ ಒತ್ತದೆ ಕಾಗದದ ಮೇಲೇ ಲೆಕ್ಕ ಹಾಕಬಹುದು. ಸಿಂಗಾಪುರದ ಚಾಂಗಿ ಏರ್‌ಪೋರ್ಟ್ ಇರೋದು ಸುಮಾರು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನ್ಯೂಯಾರ್ಕಿನ ಜಾನ್ ಎಫ್ ಕೆನಡಿ ಏರ್‌ಪೋರ್ಟ್ ಸುಮಾರು 74 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಕೂಡಿದ್ರೆ 178. ಅಂದ್ರೆ ಒಂದು ಊರು ಗೋಳದ ಈ ಕಡೆ ಇದ್ರೆ ಇನ್ನೊಂದು ಹೆಚ್ಚುಕಮ್ಮಿ ನೇರ ಆ ಕಡೆ ಬೆನ್ನಿಗಿದೆ. ಹಾಗಿದ್ದಾಗ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಸೀದಾ ಉತ್ತರ ಧ್ರುವದ ಕಡೆ ಹತ್ತಿ ಆ ಕಡೆ ಇಳಿಯೋದು! ಸಿಂಗಾಪುರದ ಅಕ್ಷಾಂಶ 1.4, ಅಲ್ಲಿಂದ ಧ್ರುವಕ್ಕೆ 88.6 ಡಿಗ್ರಿ. ನ್ಯೂಯಾರ್ಕಿನ ಅಕ್ಷಾಂಶ 40.6, ಧ್ರುವದಿಂದ ಅಲ್ಲಿಗೆ 49.4 ಡಿಗ್ರಿ. ಒಟ್ಟು 138 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಮೀ ಅಂತ ಶಾಲೆಯಲ್ಲಿ ಓದಿರ್ತೀರಿ, ಗುಣಿಸಿ ನೋಡಿ, 15,318 ಬರುತ್ತೆ. ವೆಬ್‌ಸೈಟ್ ಹೇಳಿದ 15,349ಕ್ಕೂ ಇದಕ್ಕೂ ಬರೀ 30 ಕಿಮೀ ವ್ಯತ್ಯಾಸ, ಆ 30 ಕಿಮೀ ಬಂದಿರೋದು 111 ಅನ್ನೋದು ದುಂಡು ಮಾಡಿದ ನಂಬರ್ ಅನ್ನೋದ್ರಿಂದ, ಅದರ ಜೊತೆ ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವದ ಕಡೆ ಚೂರು ಅದುಮಿದ ಹಾಗಿದೆ ಅನ್ನೋದ್ರಿಂದ. ಸಮಭಾಜಕದ ಹತ್ತಿರ ಅಕ್ಷಾಂಶದ ಒಂದು ಡಿಗ್ರಿ 110.6 ಕಿಮೀ ಇದ್ರೆ ಧ್ರುವದ ಹತ್ತಿರ 111.7 ಆಗುತ್ತೆ. ಒಳ್ಳೆ ಕ್ಯಾಲ್ಕುಲೇಟರುಗಳು ಇದನ್ನೂ ಸೇರಿಸ್ಕೊಂಡು ಲೆಕ್ಕ ಹಾಕ್ತಾವೆ.

ಇದಕ್ಕೆ ಗ್ರೇಟ್ ಸರ್ಕಲ್ ದೂರ ಅಂತಾರೆ, ಕನ್ನಡ ಪುಸ್ತಕದಲ್ಲಿ ಮಹಾವೃತ್ತ ಅಂತ ಇರುತ್ತೆ. ಗೋಳದ ಮೇಲೆ ಎರಡು ಊರಿಗೆ ಗುಂಡುಪಿನ್ನು ಚುಚ್ಚಿ ದಾರ ಬಿಗಿಯಾಗಿ ಎಳೆದ್ರೆ ದಾರ ತಾನಾಗೇ ಕೂರೋ ಗೆರೆ ಅದು. ಗೋಡೆಗೆ ಹಾಕೋ ಚಪ್ಪಟೆ ಮ್ಯಾಪು ಈ ವಿಷಯದಲ್ಲಿ ಕಣ್ಣಿಗೆ ಮಣ್ಣೆರಚುತ್ತೆ. ಆ ಮ್ಯಾಪಲ್ಲಿ ಸ್ಕೇಲ್ ಇಟ್ಟು ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಗೆರೆ ಎಳೆದ್ರೆ ಅದು ಹಿಂದೂ ಮಹಾಸಾಗರ, ಯೆಮೆನ್, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಅಂತ ಹೋಗುತ್ತೆ, ನೋಡೋಕೆ ನೆಟ್ಟಗೆ ಸೂಪರ್ ಆಗಿರುತ್ತೆ, ಅಳೆದ್ರೆ ಸುಮಾರು 18,500 ಕಿಮೀ. ಅಂದ್ರೆ ನೆಟ್ಟಗೆ ಕಾಣೋ ದಾರಿ ಮೂರು ಸಾವಿರ ಕಿಮೀ ಉದ್ದ, ಸೊಟ್ಟಗೆ ಕಾಣೋದೇ ಹತ್ತಿರದ್ದು. ಸೀಟಿನ ಮುಂದಿರೋ ಸ್ಕ್ರೀನಲ್ಲಿ ವಿಮಾನ ಬಿಲ್ಲಿನ ಹಾಗೆ ಬಾಗಿ ಹೋಗೋದು ನೋಡಿ ಪೈಲಟ್ ಯಾಕೋ ಸುತ್ತಾಕ್ಕೊಂಡು ಹೋಗ್ತಿದಾನೆ ಅಂತ ಅಂದ್ಕೊಳೋರು ಬಹಳ ಜನ, ಸುತ್ತಾಗಿರೋದು ಸ್ಕ್ರೀನಿನ ಮ್ಯಾಪು, ದಾರಿ ಅಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳ್ಬೇಕು, ಆ 15,349 ಕಿಮೀ ದಾರಿಯಲ್ಲಿ ನಿಮ್ಮ ಫ್ಲೈಟ್ ಹೋಗಲ್ಲ.

ಆ ದಾರ ಎಲ್ಲೆಲ್ಲಿ ಹಾಯುತ್ತೆ ನೋಡಿ. ಸಿಂಗಾಪುರದಿಂದ ಉತ್ತರಕ್ಕೆ ಥಾಯ್ಲೆಂಡ್ ಕೊಲ್ಲಿ, ಲಾವೋಸ್, ಚೀನಾದಲ್ಲಿ ಚೆಂಗ್ಡು, ಲಾನ್‌ಜೌ ಆಸುಪಾಸು, ಆಮೇಲೆ ಮಂಗೋಲಿಯಾ, ಆಮೇಲೆ ರಷ್ಯಾದ ಇರ್ಕುಟ್ಸ್ಕ್ ಪಕ್ಕದಿಂದ ಸೈಬೀರಿಯಾ ಪೂರ್ತಿ, ಆರ್ಕ್ಟಿಕ್ ಸಮುದ್ರ, ಧ್ರುವದ ಪಕ್ಕ, ಕೆನಡಾದ ಹಿಮದ ದ್ವೀಪಗಳು, ಕ್ವೆಬೆಕ್, ಮಾಂಟ್ರಿಯಲ್, ಕೊನೆಗೆ ನ್ಯೂಯಾರ್ಕ್. ಇದರಲ್ಲಿ ಯಾವುದೋ ಒಂದು ದೇಶದ ಆಕಾಶ ಬೇಡ ಅಂದ್ರೂ ದಾರ ತುಂಡಾಯ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಮೇಲೆ ಹಾರೋದು ಯುರೋಪಿನ ಕಂಪನಿಗಳಿಗೆ ಬಂದಾಯ್ತಲ್ಲ, ಅದರ ಪೆಟ್ಟು ಜೋರಾಗಿ ಬಿದ್ದಿದ್ದು ಹೆಲ್ಸಿಂಕಿ–ಟೋಕಿಯೋ ದಾರಿಗೆ. ಸುಮಾರು 7,800 ಕಿಮೀ ಇದ್ದ ದಾರಿ, ಒಂಬತ್ತೂವರೆ ಗಂಟೆ ಪ್ರಯಾಣ, ಅಂಥದ್ದು 12,900 ಕಿಮೀ ಆಗಿ 13 ಗಂಟೆ ಮುಟ್ತು, ಫಿನ್‌ಲೆಂಡಿನ ಫಿನ್‌ಏರ್ ಕಂಪನಿಯ ವಿಮಾನಗಳು ಉತ್ತರ ಧ್ರುವ ಹತ್ತಿ ಅಲಾಸ್ಕಾ ಕಡೆಯಿಂದ ಇಳಿದು ಜಪಾನಿಗೆ ಹೋಗೋಕೆ ಶುರು ಮಾಡಿದ್ವು. ಕೊಂಕಣ ಸುತ್ತಿ ಮೈಲಾರಕ್ಕೆ ಬರೋದು ಅಂತಾರಲ್ಲ, ಥೇಟ್ ಅದೇ. ಧ್ರುವ ದಾಟಿದ್ದಕ್ಕೆ ಪ್ರಯಾಣಿಕರಿಗೆ ಸರ್ಟಿಫಿಕೇಟ್ ಬೇರೆ ಕೊಡ್ತಿದ್ರು. ಹಾಗೆ ನೋಡಿದ್ರೆ ಇದು ಹಳೇ ಕಥೆ, ಸೋವಿಯತ್ ಕಾಲದಲ್ಲೂ ಆ ಆಕಾಶ ಮುಚ್ಚಿತ್ತು, 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಟೋಕಿಯೋಗೆ ಧ್ರುವದ ಮೇಲಿಂದ ಹೋಗೋ ಸರ್ವಿಸ್ ಶುರು ಮಾಡಿದಾಗ ಅಲಾಸ್ಕಾದ ಆಂಕರೇಜಲ್ಲಿ ಇಳಿದು ಎಣ್ಣೆ ತುಂಬಿಸ್ಕೊಂಡು ಹೋಗೋದು. ಆ ಎರಡೂ ಊರು ಇದ್ದಲ್ಲೇ ಇವೆ, ಮಧ್ಯದ ದೂರ ಮಾತ್ರ ರಾಜಕೀಯ ಬದಲಾದ ಹಾಗೆ ಹಿಗ್ಗುತ್ತೆ ಕುಗ್ಗುತ್ತೆ.

ಆದ್ರೆ ನಿಮ್ಮ ಫ್ಲೈಟ್ ದಾರ ಬಿಟ್ಟು ಹೋಗೋಕೆ ರಾಜಕೀಯಕ್ಕಿಂತ ದೊಡ್ಡ ಕಾರಣ ಗಾಳಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನಿಮ್ಮ ಪ್ರಶ್ನೆಗೆ ಉತ್ತರ ಇರೋದೇ ಇಲ್ಲಿ.

ವಿಮಾನ ಹಾರೋ ಎತ್ತರದಲ್ಲಿ, ಅಂದ್ರೆ 30ರಿಂದ 40 ಸಾವಿರ ಅಡಿಯಲ್ಲಿ, ಜೆಟ್ ಸ್ಟ್ರೀಮ್ ಅಂತ ಗಾಳಿಯ ಹೊಳೆಗಳಿವೆ, ಹರಿಯೋದು ಪಶ್ಚಿಮದಿಂದ ಪೂರ್ವಕ್ಕೆ. ಚಳಿಗಾಲದಲ್ಲಿ ಜಪಾನಿನ ಮೇಲೆ, ಉತ್ತರ ಪೆಸಿಫಿಕ್ ಮೇಲೆ, ಉತ್ತರ ಅಟ್ಲಾಂಟಿಕ್ ಮೇಲೆ ಗಂಟೆಗೆ 200 ಕಿಮೀ ದಾಟೋದು ಮಾಮೂಲು, ಒಮ್ಮೊಮ್ಮೆ 300ನ್ನೂ ಮೀರುತ್ತೆ. ಹೊಳೆಯಲ್ಲಿ ದೋಣಿ ಬಿಟ್ಟ ಹಾಗೆ ಅಂದ್ಕೊಳಿ, ಹುಟ್ಟು ಹಾಕೋ ಜೋರು ಅಷ್ಟೇ ಇದ್ರೂ ಹರಿವಿನ ಜೊತೆ ಹೋದ್ರೆ ದಡ ಬೇಗ ಬೇಗ ಹಿಂದೆ ಸರಿಯುತ್ತೆ, ಎದುರು ಹೋದ್ರೆ ಬೆವರು ಸುರಿದ್ರೂ ಅದೇ ಮರ ಪಕ್ಕದಲ್ಲೇ ನಿಂತಿರುತ್ತೆ. ವಿಮಾನದ 900 ಅನ್ನೋದು ಹುಟ್ಟಿನ ಜೋರು. ಇವತ್ತಿನ ಎ350, 787 ಥರದ ದೊಡ್ಡ ವಿಮಾನಗಳೆಲ್ಲಾ ಮ್ಯಾಕ್ 0.85ರಲ್ಲಿ ಹೋಗ್ತಾವೆ, ಅಂದ್ರೆ ಶಬ್ದದ ವೇಗದ ನೂರಕ್ಕೆ 85 ಭಾಗ, ಆ ಎತ್ತರದ ಮೈನಸ್ 54 ಡಿಗ್ರಿ ಚಳಿಯಲ್ಲಿ ಅದು ಗಂಟೆಗೆ 900 ಕಿಮೀ ಚಿಲ್ಲರೆ. ಆದ್ರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ್ರೆ. ನೆಲ ಎಷ್ಟು ಜೋರಾಗಿ ಹಿಂದೆ ಸರಿಯುತ್ತೆ ಅನ್ನೋದು ಬೇರೆ, ಅದು ಗ್ರೌಂಡ್ ಸ್ಪೀಡ್.

ಈಗ ನಾನು ಡೆಸ್ಕಲ್ಲಿ ಮಾಡ್ತಿದ್ದ ಲೆಕ್ಕವನ್ನ ದುಂಡು ನಂಬರಿನಲ್ಲಿ ತೋರಿಸ್ತೀನಿ. ಧ್ರುವದ ದಾರಿ 15,349 ಕಿಮೀ, ಆ ದಿನ ಅಲ್ಲಿ ಸರಾಸರಿ 30 ಕಿಮೀ ಎದುರುಗಾಳಿ ಇದೆ ಅಂತ ಇಟ್ಕೊಳಿ, ಗ್ರೌಂಡ್ ಸ್ಪೀಡ್ 870, ಟೈಮ್ 17 ಗಂಟೆ 38 ನಿಮಿಷ. ಇನ್ನೊಂದು ದಾರಿ ಜಪಾನ್ ಪಕ್ಕದಿಂದ ಪೆಸಿಫಿಕ್ ದಾಟಿ ಉತ್ತರ ಅಮೆರಿಕ ಅಡ್ಡ ಹಾಯ್ದು ಹೋಗೋದು, 16,700 ಕಿಮೀ, ಆದ್ರೆ ಉದ್ದಕ್ಕೂ ಬೆನ್ನ ಮೇಲೆ ಗಾಳಿ, ಸರಾಸರಿ 70. ಗ್ರೌಂಡ್ ಸ್ಪೀಡ್ 970 ಆಯ್ತು, ಟೈಮ್ 17 ಗಂಟೆ 13 ನಿಮಿಷ. ನೋಡಿದ್ರಾ, 1,350 ಕಿಮೀ ಜಾಸ್ತಿ ಹೋಗಿ 25 ನಿಮಿಷ ಮೊದಲೇ ಮುಟ್ತು. ಎಣ್ಣೆನೂ ಅದೇ ಲೆಕ್ಕದಲ್ಲಿ ಉಳೀತು, ಯಾಕಂದ್ರೆ ಇಂಜಿನ್ ಎಣ್ಣೆ ಕುಡಿಯೋದು ನೆಲದ ಕಿಲೋಮೀಟರಿಗಲ್ಲ, ಗಾಳಿಯಲ್ಲಿ ಇದ್ದಷ್ಟು ಹೊತ್ತಿಗೆ. ಅದಕ್ಕೇ ಡಿಸ್ಪ್ಯಾಚಿನೋರು ಏರ್ ಡಿಸ್ಟೆನ್ಸ್ ಅಂತ ಒಂದು ನಂಬರ್ ಇಟ್ಕೊಂಡಿರ್ತಾರೆ, ವಿಮಾನ ಗಾಳಿಯನ್ನ ಎಷ್ಟು ಕಿಮೀ ಸೀಳಿತು ಅನ್ನೋ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಧ್ರುವದ ದಾರಿಗೆ ಅದು ಹತ್ತಿರ ಹತ್ತಿರ 15,900, ಪೆಸಿಫಿಕ್ ದಾರಿಗೆ 15,500. ನೆಲದ ಮೇಲೆ ಉದ್ದ ಇರೋ ದಾರಿ ಗಾಳಿಯಲ್ಲಿ ಗಿಡ್ಡ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಗೋಳ ದಾರ ತೋರಿಸಿ ಪಾಠ ಮಾಡಿ, ಆಮೇಲೆ ಆ ದಾರವನ್ನೇ ಡಸ್ಟ್‌ಬಿನ್ನಿಗೆ ಹಾಕಿ "ಈಗ ಗಾಳಿ ಚಾರ್ಟ್ ತಗೋ" ಅಂದಿದ್ರು. ಆಗ ನಾಟಕ ಅನ್ನಿಸಿತ್ತು, ಆಮೇಲೆ ಅರ್ಥ ಆಯ್ತು.

ಸಿಂಗಾಪುರ ಏರ್‌ಲೈನ್ಸ್ 2018ರಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಈ ಸರ್ವಿಸ್ ಮತ್ತೆ ಶುರು ಮಾಡಿದಾಗ ಸುಮಾರು 16,700 ಕಿಮೀ, ಹೆಚ್ಚೆಂದ್ರೆ 18 ಗಂಟೆ 45 ನಿಮಿಷ ಅಂತ ತಾನೇ ಹೇಳ್ತು. ನೀವು ನೋಡಿದ ದೊಡ್ಡ ನಂಬರ್ ಅದೇ ಇರಬೇಕು, ವಿಮಾನ ನಿಜವಾಗಿ ಸುತ್ತೋ ದೂರ. ಕೆನಡಿ ಏರ್‌ಪೋರ್ಟಿಗೆ ಶುರುವಾಗಿದ್ದು 2020ರ ನವೆಂಬರಲ್ಲಿ. ಹೋಗೋವಾಗ ಪೆಸಿಫಿಕ್ ಮೇಲೆ ಪೂರ್ವಕ್ಕೆ, ಬರೋವಾಗ ಬಹಳ ಸಲ ಅಟ್ಲಾಂಟಿಕ್, ಯುರೋಪ್ ಕಡೆಯಿಂದ ಮತ್ತೆ ಪೂರ್ವಕ್ಕೆ. ಹೋಗೋದೂ ಪೂರ್ವ, ಬರೋದೂ ಪೂರ್ವ! ರೇಖಾಂಶ ಹೆಚ್ಚುಕಮ್ಮಿ 180 ಡಿಗ್ರಿ ದೂರ ಇರೋದ್ರಿಂದ ಇಂಥ ಜೋಡಿಗೆ ಮಾತ್ರ ಸಿಕ್ಕೋ ಭಾಗ್ಯ ಇದು, ಎರಡೂ ಸಲ ಹೊಳೆಯ ಜೊತೆನೇ ತೇಲಬಹುದು. ನೀವು ಹೋಗಿ ಬಂದ್ರೆ ಭೂಮಿಗೆ ಒಂದು ಪೂರ್ತಿ ಪ್ರದಕ್ಷಿಣೆ ಹಾಕಿದ ಹಾಗೆ, ಟಿಕೆಟಲ್ಲಿ ಇದನ್ನ ಯಾರೂ ಬರೆಯಲ್ಲ. ಆದ್ರೂ ಬರೋವಾಗ ಯಾಕೆ ಜಾಸ್ತಿ ಹೊತ್ತು ಅಂದ್ರೆ ಅಟ್ಲಾಂಟಿಕ್ ದಾಟಿದ ಮೇಲೆ ಆ ಕಡೆಯ ದಾರಿಯಲ್ಲಿ ಪೆಸಿಫಿಕ್ ಕಡೆ ಸಿಕ್ಕಷ್ಟು ಜೋರು ಗಾಳಿ ಉದ್ದಕ್ಕೂ ಸಿಗಲ್ಲ, ಮುಚ್ಚಿರೋ ಆಕಾಶಗಳನ್ನ ಸುತ್ತು ಹಾಕೋದೂ ಇರುತ್ತೆ. ಯಾವ ದಿನ ಯಾವ ದಾರಿ ಅನ್ನೋದು ಹೊರಡೋ ಕೆಲವೇ ಗಂಟೆ ಮೊದಲು ತೀರ್ಮಾನ ಆಗುತ್ತೆ, ಹಾಗಾಗಿ ವಿಮಾನ ಎಲ್ಲಿ ಹಾರ್ತಿದೆ ಅಂತ ತೋರಿಸೋ ಟ್ರ್ಯಾಕರ್ ವೆಬ್‌ಸೈಟಲ್ಲಿ ಹಿಂದಿನ ದಿನದ ದಾರಿ ನೋಡಿ ನಾಳೆನೂ ಅಲ್ಲೇ ಹೋಗುತ್ತೆ ಅಂದ್ಕೋಬೇಡಿ.

ಭೂಮಿ ತಿರುಗೋದ್ರಿಂದ ಅಂತ ಕೇಳಿದ್ರಲ್ಲ, ನೇರವಾಗಿ ಅಲ್ಲ. ಭೂಮಿ ತಿರುಗುವಾಗ ಗಾಳಿಯನ್ನೂ ಜೊತೆಗೇ ತಿರುಗಿಸ್ಕೊಂಡು ಹೋಗುತ್ತೆ, ವಿಮಾನ ಆ ಗಾಳಿಯೊಳಗೆ ಇರೋದು. ಹಾಗಲ್ದೆ ಇದ್ದಿದ್ರೆ ಹೆಲಿಕಾಪ್ಟರಲ್ಲಿ ಮೇಲೆ ಹೋಗಿ ಸುಮ್ನೆ ನಿಂತಿದ್ರೆ ಸಾಕಿತ್ತು, ಬೇಕಾದ ಊರು ಕಾಲಡಿಗೆ ಬಂದಾಗ ಇಳ್ಕೋಬಹುದಿತ್ತು. ಆದ್ರೆ ಪರೋಕ್ಷವಾಗಿ ನಿಮ್ಮ ಮಾತಲ್ಲಿ ನಿಜ ಇದೆ, ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಹೊರಟಾಗ ಅದನ್ನ ಪೂರ್ವಕ್ಕೆ ತಿರುಗಿಸಿ ಜೆಟ್ ಸ್ಟ್ರೀಮ್ ಮಾಡೋದು ಭೂಮಿಯ ತಿರುಗುವಿಕೆನೇ.

ಬಹಳ ಜನಕ್ಕೆ ಇನ್ನೊಂದು ನಂಬಿಕೆ ಇದೆ, ಹೋಗೋವಾಗ ಕಳ್ಕೊಂಡಿದ್ದು ಬರೋವಾಗ ಸಿಗುತ್ತೆ ಬಿಡಿ ಅಂತ. ಸಿಗಲ್ಲ. ಒಂದೇ ದಾರಿಯಲ್ಲಿ ಹೋಗಿ ಬರೋ 10,000 ಕಿಮೀ ಫ್ಲೈಟ್ ತಗೊಳಿ, ಗಾಳಿ 100. ಗಾಳಿ ಜೊತೆ 1,000ದಲ್ಲಿ 10 ಗಂಟೆ, ಎದುರು 800ರಲ್ಲಿ ಹನ್ನೆರಡೂವರೆ ಗಂಟೆ, ಒಟ್ಟು ಇಪ್ಪತ್ತೆರಡೂವರೆ. ಗಾಳಿನೇ ಇಲ್ಲದಿದ್ರೆ 22 ಗಂಟೆ 13 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಇರ್ತೀವಲ್ಲ, ಅದಕ್ಕೇ ಲುಕ್ಸಾನು ಯಾವಾಗ್ಲೂ ನಮ್ಮದೇ.

ಗಾಳಿ ಕೈ ಹಿಡಿದ್ರೆ ಏನಾಗುತ್ತೆ ಅನ್ನೋದಕ್ಕೆ 2020ರ ಫೆಬ್ರವರಿ ಒಳ್ಳೆ ಸಾಕ್ಷಿ. ಕಿಯಾರಾ ಅನ್ನೋ ಬಿರುಗಾಳಿ ಅಟ್ಲಾಂಟಿಕ್ ಮೇಲೆ ಎದ್ದಿತ್ತು, ಬ್ರಿಟಿಷ್ ಏರ್‌ವೇಸಿನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೆ ಮುಟ್ಟಿಬಿಡ್ತು, ಮಾಮೂಲಿ ಆರೂವರೆ ಗಂಟೆಯ ದಾರಿ ಅದು. ಗ್ರೌಂಡ್ ಸ್ಪೀಡ್ ಒಂದು ಹಂತದಲ್ಲಿ ಗಂಟೆಗೆ 1,300 ಕಿಮೀ ದಾಟಿತ್ತು. ಶಬ್ದಕ್ಕಿಂತ ಜೋರಾಗಿ ಹೋಯ್ತು ಅಂತ ಸುದ್ದಿ ಆಯ್ತು, ಹಾಗೇನಿಲ್ಲ, ಸುತ್ತಲಿನ ಗಾಳಿಗೆ ಹೋಲಿಸಿದ್ರೆ ಅದು ತನ್ನ ಪಾಡಿಗೆ ಮಾಮೂಲಿ ಸ್ಪೀಡಲ್ಲೇ ಇತ್ತು. ನಿಜವಾಗಿ ಶಬ್ದ ಮೀರಿದ್ದು ಕಾಂಕಾರ್ಡ್ ಅನ್ನೋ ವಿಮಾನ, 1996ರ ಫೆಬ್ರವರಿ 7ರಂದು ಅದೇ ದಾರಿಯನ್ನ 2 ಗಂಟೆ 53 ನಿಮಿಷದೊಳಗೆ ಮುಗಿಸಿತ್ತು. ಇನ್ನೊಂದು ತುದಿಯ ಉದಾಹರಣೆ ಬೇಕು ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಕ್ವಾಂಟಸ್ ಕಂಪನಿ ಕ್ಯಾಟಲೀನಾ ಅನ್ನೋ ನೀರಲ್ಲಿ ಇಳಿಯೋ ವಿಮಾನದಲ್ಲಿ ಪರ್ತ್‌ನಿಂದ ಸಿಲೋನಿಗೆ (ಈಗಿನ ಶ್ರೀಲಂಕಾ) ಹಾರಿಸ್ತಿತ್ತು, ಸುಮಾರು 5,600 ಕಿಮೀಗೆ 27ರಿಂದ 33 ಗಂಟೆ, ಜಪಾನಿನೋರ ಕಣ್ಣಿಗೆ ಬೀಳ್ದೆ, ರೇಡಿಯೋ ಬಂದ್ ಮಾಡ್ಕೊಂಡು. ಅದರಲ್ಲಿ ಕೂತೋರು ಒಂದೇ ಪ್ರಯಾಣದಲ್ಲಿ ಎರಡು ಸಲ ಸೂರ್ಯೋದಯ ನೋಡ್ತಿದ್ರು. ನಿಮ್ಮ ಹದಿನೆಂಟು ಗಂಟೆ ಬೇಜಾರು ಅನ್ನಿಸಿದಾಗ ಇವರನ್ನ ನೆನೆಸ್ಕೊಳಿ.

ಎಣ್ಣೆ ವಿಷಯ ಬಂತಲ್ಲ, ಅದನ್ನ ಪೂರ್ತಿ ಹೇಳಿಬಿಡ್ತೀನಿ, ಟೈಮಿಗೂ ಅದಕ್ಕೂ ನಂಟಿದೆ. ಈ ರೂಟಿಗೆ ಬಳಸೋದು ಎ350-900ರಲ್ಲೇ ಯುಎಲ್ಆರ್ (ಅಲ್ಟ್ರಾ ಲಾಂಗ್ ರೇಂಜ್, ಅಂದ್ರೆ ಬಹಳ ದೂರ ಹಾರೋಕಂತಲೇ ಮಾಡಿದ್ದು) ಅನ್ನೋ ವಿಶೇಷ ಮಾಡೆಲ್, ಟ್ಯಾಂಕಲ್ಲಿ 165,000 ಲೀಟರ್ ಹಿಡಿಸುತ್ತೆ, ಸೀಟು ಮಾತ್ರ 161, ಸಾದಾ ಎಕಾನಮಿನೇ ಇಲ್ಲ. ಜಾಗ ಇಲ್ಲ ಅಂತಲ್ಲ, ತೂಕ. ದೂರದ ಫ್ಲೈಟಲ್ಲಿ ಎಕ್ಸ್‌ಟ್ರಾ ಹೊತ್ತ ಯಾವ ತೂಕಕ್ಕೂ ಗಂಟೆಗೆ ನೂರಕ್ಕೆ ಮೂರ್ನಾಲ್ಕು ಭಾಗದಷ್ಟು ಎಣ್ಣೆ ಅದನ್ನ ಹೊರೋಕೇ ಹೋಗುತ್ತೆ ಅನ್ನೋದು ನಮ್ಮ ಕಡೆ ಕಣ್ಣಂದಾಜು. ಹದಿನೆಂಟು ಗಂಟೆಗೆ ಲೆಕ್ಕ ಹಾಕಿ, ಇರಲಿ ಅಂತ 10 ಟನ್ ಜಾಸ್ತಿ ತುಂಬಿದ್ರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ತನ್ನನ್ನ ತಾನೇ ಹೊತ್ಕೊಂಡು ಉರಿದುಹೋಗುತ್ತೆ. ಇದೇ ರೂಟನ್ನ 2004ರಲ್ಲಿ ನಾಲ್ಕು ಇಂಜಿನ್ನಿನ ಎ340-500ರಲ್ಲಿ ಶುರು ಮಾಡಿ 2013ರಲ್ಲಿ ನಿಲ್ಲಿಸಿದ್ರು, ನಾಲ್ಕು ಇಂಜಿನ್ ಕುಡಿಯೋ ಎಣ್ಣೆಗೆ ಲೆಕ್ಕ ಕೂಡ್ಲಿಲ್ಲ.

ಇಷ್ಟು ಎಣ್ಣೆ ಹೊತ್ತು ಟೇಕಾಫ್ ಆದ ವಿಮಾನ ಮೊದಲೇ 40 ಸಾವಿರ ಅಡಿಗೆ ಹೋಗೋಕಾಗಲ್ಲ, ಭಾರ. 30 ಸಾವಿರದ ಆಸುಪಾಸಲ್ಲಿ ಶುರು ಮಾಡಿ ಎಣ್ಣೆ ಉರಿದು ಮೈ ಹಗುರ ಆದ ಹಾಗೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋಗುತ್ತೆ. ಹಾಗಾಗಿ ಒಳ್ಳೆ ಗಾಳಿ ಒಂದು ಎತ್ತರದಲ್ಲಿದ್ದು ವಿಮಾನ ಇನ್ನೊಂದು ಎತ್ತರದಲ್ಲಿ ಸಿಕ್ಕಿಹಾಕ್ಕೊಳೋದೂ ಉಂಟು. ಸ್ಪೀಡ್ ಕೂಡ ಯಾವಾಗ್ಲೂ ಫುಲ್ ಅಲ್ಲ, ಎಣ್ಣೆ ಖರ್ಚು ಎಷ್ಟು, ಲೇಟಾದ್ರೆ ಆಗೋ ಖರ್ಚು ಎಷ್ಟು ಅಂತ ತೂಗಿ ಕಾಸ್ಟ್ ಇಂಡೆಕ್ಸ್ ಅನ್ನೋ ಒಂದು ನಂಬರ್ ಕಂಪ್ಯೂಟರಿಗೆ ಕೊಡ್ತಾರೆ, ಅದರ ಪ್ರಕಾರ ವಿಮಾನ ಚೂರು ನಿಧಾನ ಚೂರು ಜೋರು ಹೋಗುತ್ತೆ. ಎರಡೇ ಇಂಜಿನ್ ಇರೋದ್ರಿಂದ ಒಂದು ಕೈ ಕೊಟ್ರೆ ಇಷ್ಟು ಗಂಟೆಯೊಳಗೆ ಇಳಿಯೋಕೆ ಒಂದು ಏರ್‌ಪೋರ್ಟ್ ಸಿಗ್ಬೇಕು ಅನ್ನೋ ರೂಲ್ಸೂ ಇದೆ, ಇಟಾಪ್ಸ್ ಅಂತ. 1985ರಲ್ಲಿ ಅದು ಎರಡು ಗಂಟೆಯ ಮಿತಿ ಇತ್ತು, ಎ350ಗೆ ಆರು ಗಂಟೆ ಮೀರಿ ಪರ್ಮಿಷನ್ ಇದೆ, ಹಾಗಾಗಿ ಉತ್ತರ ಗೋಳದಲ್ಲಿ ಇದು ಈಗ ದೊಡ್ಡ ತಲೆನೋವಲ್ಲ.

ಈಗ ನಿಮ್ಮ ಟಿಕೆಟಿನ 18 ಗಂಟೆ ಚಿಲ್ಲರೆಗೆ ಬರ್ತೀನಿ. ಗಾಳಿ ಲೆಕ್ಕದಲ್ಲಿ 17 ಗಂಟೆ 13 ನಿಮಿಷ ಬಂತು, ಉಳಿದಿದ್ದು ಎಲ್ಲಿ ಹೋಯ್ತು? ಟಿಕೆಟಲ್ಲಿ ಹಾಕೋದು ಬ್ಲಾಕ್ ಟೈಮ್, ಅಂದ್ರೆ ಗೇಟಿನಲ್ಲಿ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಆ ಊರಿನ ಗೇಟಲ್ಲಿ ಹೋಗಿ ನಿಲ್ಲೋವರೆಗೆ. ರನ್‌ವೇ ತನಕ ಉರುಳೋದು, ಅಲ್ಲಿ ಸಾಲಲ್ಲಿ ಕಾಯೋದು (ಕೆನಡಿಯಲ್ಲಿ ಸಂಜೆ ಹೊತ್ತು ಈ ಸಾಲು ಬಲು ಉದ್ದ), ಇಳಿದ ಮೇಲೆ ಮತ್ತೆ ಗೇಟ್ ತನಕ ಉರುಳೋದು, ಎಲ್ಲಾ ಅದರಲ್ಲೇ. ಟೇಕಾಫ್ ಆಗಿ ಪೂರ್ತಿ ಎತ್ತರ ಮುಟ್ಟೋಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಅಷ್ಟೂ ಹೊತ್ತು 900 ಇರಲ್ಲ, ಇಳಿಯೋ ಊರಿಗೆ ಸುಮಾರು 200 ಕಿಮೀ ಇರುವಾಗ್ಲೇ ಇಳಿಯೋಕೆ ಶುರು ಮಾಡ್ಬೇಕು, ಅಲ್ಲೂ ಸ್ಪೀಡ್ ಕಮ್ಮಿ ಆಗ್ತಾ ಬರುತ್ತೆ, ಹತ್ತಿರ ಬಂದ ಮೇಲೆ ಬೇರೆ ವಿಮಾನಗಳ ಹಿಂದೆ ಸುತ್ತಿ ಬಳಸಿ ರನ್‌ವೇಗೆ ಸೇರಿಸ್ತಾರೆ. ಇದರ ಮೇಲೆ ಕಂಪನಿಗಳು ಒಂದಿಷ್ಟು ಗಾಳಿಗುಂಟು ಮಳೆಗುಂಟು ಅಂತ ನಿಮಿಷ ಸೇರಿಸಿರ್ತಾವೆ, ಅಮೆರಿಕದ ಲೆಕ್ಕದಲ್ಲಿ 15 ನಿಮಿಷದೊಳಗೆ ಬಂದ್ರೆ ಆನ್ ಟೈಮ್ ಅಂತ, ಅದರಲ್ಲಿ ಒಳ್ಳೆ ಹೆಸರು ತಗೋಬೇಕಲ್ಲ. ಅದಕ್ಕೇ ಕೆಲವು ಸಲ ಅರ್ಧ ಗಂಟೆ ಲೇಟಾಗಿ ಹೊರಟ ಫ್ಲೈಟೂ ಮೊದಲೇ ಮುಟ್ಟಿ ಗೇಟ್ ಖಾಲಿ ಇಲ್ಲದೆ ನಿಂತಿರುತ್ತೆ. ಮಾರ್ಚ್ ಕೊನೇ ಭಾನುವಾರ, ಅಕ್ಟೋಬರ್ ಕೊನೇ ಭಾನುವಾರ ಟೈಮ್‌ಟೇಬಲ್ ಸೀಸನ್ ಬದಲಾಗುತ್ತೆ, ಚಳಿಗಾಲದ ಗಾಳಿ ಬೇರೆ ಬೇಸಿಗೆಯ ಗಾಳಿ ಬೇರೆ, ಅದೇ ಫ್ಲೈಟಿಗೆ ಆಗ ನಿಮಿಷಗಳೂ ಬದಲಾಗಬಹುದು.

ಹಾಗಾದ್ರೆ 15,349 ಯಾರಿಗೆ ಬೇಕು ಅಂದ್ರೆ, ಗಾಳಿಗೆ ರಾಜಕೀಯಕ್ಕೆ ಬದಲಾಗದ ಒಂದು ನಂಬರ್ ಬೇಕಾದೋರಿಗೆ. ಯುರೋಪಿನಲ್ಲಿ ಫ್ಲೈಟ್ ಲೇಟಾದ್ರೆ ಕೊಡೋ ಪರಿಹಾರ 1,500, 3,500 ಕಿಮೀ ಅಂತ ದೂರದ ಮೇಲೆ ನಿಂತಿದೆ, ಅದನ್ನ ಅಳೆಯೋದು ಮಹಾವೃತ್ತದ ಮೇಲೇ, ಇಲ್ಲಾಂದ್ರೆ ದಿನಾ ಜಗಳ. ನಿಮಗೆ ಪ್ರಯಾಣದ ಟೈಮ್ ಬೇಕು ಅಂದ್ರೆ ಅದನ್ನ ಮುಟ್ಟಲೇಬೇಡಿ, ಆ ದಿಕ್ಕಿನ ಟೈಮ್‌ಟೇಬಲ್ ನೋಡಿ, ಇಲ್ಲಾಂದ್ರೆ ಅದೇ ಫ್ಲೈಟ್ ಹಿಂದಿನ ಒಂದು ವಾರ ಎಷ್ಟು ಹೊತ್ತು ಹಾರಿದೆ ಅಂತ ಟ್ರ್ಯಾಕರಲ್ಲಿ ನೋಡಿ. ಯಾವುದೋ ಎರಡು ಊರಿಗೆ ನೇರ ಫ್ಲೈಟೇ ಇಲ್ಲದಿದ್ರೂ ಕ್ಯಾಲ್ಕುಲೇಟರುಗಳು ಇಷ್ಟು ಗಂಟೆ ಅಂತ ಧೈರ್ಯವಾಗಿ ಹೇಳ್ತಾವೆ, ಅದು ಬರೀ ಭಾಗಾಕಾರ, ಮಧ್ಯೆ ಇಳಿದು ಹತ್ತೋದು ಅದಕ್ಕೆ ಗೊತ್ತಿಲ್ಲ. ಇದೇ ಸಿಂಗಾಪುರ–ನ್ಯೂಯಾರ್ಕ್ ದಾರಿಯನ್ನ ಫ್ರಾಂಕ್‌ಫರ್ಟ್ ಮೇಲೆ ಹೋದ್ರೆ ಸುಮಾರು 10,300 ಮತ್ತು 6,200, ಒಟ್ಟು 16,500 ಕಿಮೀ, ದೂರ ಬರೀ ಸಾವಿರದಷ್ಟು ಜಾಸ್ತಿ, ಆದ್ರೆ ಎರಡೂ ಹಂತ ಪಶ್ಚಿಮಕ್ಕೆ, ಗಾಳಿ ಎದುರು, ನಡುವೆ ಒಂದೆರಡು ಗಂಟೆ ಕಾಯೋದು, ಒಟ್ಟು ಹತ್ತಿರ ಹತ್ತಿರ ಒಂದು ದಿನ.

ಕೊನೇದಾಗಿ ಗಡಿಯಾರ. ಸಿಂಗಾಪುರಕ್ಕಿಂತ ನ್ಯೂಯಾರ್ಕ್ 13 ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರಲ್ಲ, ಆಗ 12. ಚಳಿಗಾಲದಲ್ಲಿ ಸಿಂಗಾಪುರದಿಂದ ರಾತ್ರಿ 2 ಗಂಟೆಗೆ ಹೊರಟ್ರಿ ಅಂತ ಇಟ್ಕೊಳಿ, ಹದಿನೆಂಟೂವರೆ ಗಂಟೆ ಕಳೆದ್ರೆ ಸಿಂಗಾಪುರದಲ್ಲಿ ರಾತ್ರಿ ಎಂಟೂವರೆ, 13 ತೆಗೀರಿ, ನ್ಯೂಯಾರ್ಕಲ್ಲಿ ಅದೇ ದಿನ ಬೆಳಗ್ಗೆ ಏಳೂವರೆ. ಪೆಸಿಫಿಕ್ ಮೇಲೆ ದಿನಾಂಕ ರೇಖೆ ದಾಟುವಾಗ ನಿಮ್ಮ ಕ್ಯಾಲೆಂಡರ್ ಒಂದು ದಿನ ಹಿಂದೆ ಹೋಗಿರುತ್ತೆ, ನಿದ್ದೆಯಲ್ಲಿ ಗೊತ್ತೇ ಆಗಲ್ಲ. ಬರೋವಾಗ ಸೋಮವಾರ ರಾತ್ರಿ ಹತ್ತಕ್ಕೆ ಹೊರಟು 18 ಗಂಟೆ 40 ನಿಮಿಷ ಹಾರಿದ್ರೆ ನ್ಯೂಯಾರ್ಕಲ್ಲಿ ಮಂಗಳವಾರ ಸಂಜೆ 4:40, ಅದಕ್ಕೆ 13 ಸೇರಿಸಿದ್ರೆ ಸಿಂಗಾಪುರದಲ್ಲಿ ಬುಧವಾರ ಬೆಳಗ್ಗೆ 5:40. ಟಿಕೆಟಲ್ಲಿ ಟೈಮ್ ಪಕ್ಕ ಸಣ್ಣಕ್ಕೆ +2 ಅಂತ ಇರುತ್ತೆ, ಅದರ ಅರ್ಥ ಇದೇ. ಡಿಸ್ಪ್ಯಾಚಲ್ಲಿ ಈ ತಲೆಬಿಸಿನೇ ಬೇಡ ಅಂತ ಎಲ್ಲಾ ಲೆಕ್ಕ ಯುಟಿಸಿ ಅನ್ನೋ, ಪ್ರಪಂಚಕ್ಕೆಲ್ಲಾ ಒಂದೇ ಆದ ಟೈಮಲ್ಲೇ ಬರೀತಾರೆ, ನೀವೂ ಬೇಕಾದ್ರೆ ಎರಡೂ ಟೈಮನ್ನ ಒಂದೇ ಊರಿನ ಗಡಿಯಾರಕ್ಕೆ ತಂದು ಕಳೆದು ನೋಡಿ, ಅಸಲಿ ಗಂಟೆ ಸಿಗುತ್ತೆ. ಹಾಂ, ವಾಪಸ್ ಬರೋವಾಗ ಕರ್ಕೊಂಡು ಹೋಗೋಕೆ ಯಾರಾದ್ರೂ ಬರ್ತಿದ್ರೆ "ಸೋಮವಾರ ರಾತ್ರಿ ಫ್ಲೈಟ್" ಅಂತ ಹೇಳಿ ಸುಮ್ನಿರಬೇಡಿ, ಬುಧವಾರ ಬೆಳಗ್ಗೆ ಅಂತಲೇ ಹೇಳಿ, ಮಂಗಳವಾರ ಬೆಳಗಿನ ಜಾವ ಬಂದು ಕಾದು ವಾಪಸ್ ಹೋದೋರನ್ನ ನಾನೇ ಎಷ್ಟೋ ಸಲ ನೋಡಿದೀನಿ.